ಸರೋವರದ ದಂಡೆಯ ಊರು: ಮನೆ, ಬಡಾವಣೆ ಮತ್ತು ನೀರಿನ ಲೆಕ್ಕ

ಸರೋವರದ ದಂಡೆಯಲ್ಲಿರುವ ಒಂದು ಪುಟ್ಟ ಪಟ್ಟಣದ ನಕ್ಷೆಯನ್ನು ಬಿಡಿಸಿ ನೋಡಿದರೆ ಬೀದಿ, ಬಡಾವಣೆ, ಸೇತುವೆ, ಮಾರುಕಟ್ಟೆ ಎಲ್ಲವೂ ಕಾಣುತ್ತವೆ. ಆದರೆ ಒಂದು ಮನೆಗೆ ಅಷ್ಟೊಂದು ಬೆಲೆ ಏಕೆ, ಇನ್ನೊಂದರ ಗೋಡೆ ವರ್ಷವಿಡೀ ತೇವ ಕುಡಿಯುವುದೇಕೆ, ಮತ್ತೊಂದು ಬೀದಿಯಲ್ಲಿ ವರ್ಷದ ಅರ್ಧದಷ್ಟು ಕಾಲ ದೀಪವೇ ಉರಿಯದಿರುವುದೇಕೆ ಎಂಬ ಪ್ರಶ್ನೆಗಳಿಗೆ ಆ ನಕ್ಷೆ ಉತ್ತರ ಕೊಡುವುದಿಲ್ಲ. ಉತ್ತರ ಬೇಕಾದವರು ನೀರಿನ ಮಟ್ಟಕ್ಕಿಂತ ಮನೆ ಎಷ್ಟು ಎತ್ತರದಲ್ಲಿದೆ, ಅದರ ತಳಪಾಯ ಯಾವ ಮಣ್ಣಿನ ಮೇಲೆ ನಿಂತಿದೆ, ಅದರ ಬಚ್ಚಲ ನೀರು ಕೊನೆಗೆ ಎಲ್ಲಿಗೆ ಸೇರುತ್ತದೆ ಎಂದು ವಿಚಾರಿಸಬೇಕು. ದಂಡೆಯ ಊರಿನಲ್ಲಿ ಮನೆಯ ನಿಜವಾದ ವಿಳಾಸ ಇದೇ.

ಮೊದಲು ದಡದ ವಿಷಯ. ನಕ್ಷೆಯಲ್ಲಿ ದಡವನ್ನು ಒಂದು ನೀಲಿ ಗೆರೆಯಾಗಿ ಎಳೆದಿರುತ್ತಾರೆ. ನೆಲದ ಮೇಲೆ ಅದು ಒಂದು ಪಟ್ಟಿ: ನೀರು ಅತಿ ಕೆಳಗಿಳಿದ ವರ್ಷದ ಅಂಚಿನಿಂದ ಅತಿ ಮೇಲೇರಿದ ವರ್ಷದ ಅಂಚಿನವರೆಗೆ ಹರಡಿರುವ ಪಟ್ಟಿ. ಕಡಿದಾದ ದಡದಲ್ಲಿ ಅದು ನಾಲ್ಕು ಹೆಜ್ಜೆ ಅಗಲವಿದ್ದರೆ, ಸಮತಟ್ಟಾದ ತಗ್ಗು ದಡದಲ್ಲಿ ಹಲವು ಬೀದಿಗಳನ್ನೇ ನುಂಗುವಷ್ಟು ಅಗಲವಿರಬಹುದು. ಉತ್ತರ ಅಮೆರಿಕದ ಮಿಷಿಗನ್ ಮತ್ತು ಹ್ಯೂರಾನ್ ಸರೋವರಗಳು ಜಲಶಾಸ್ತ್ರದ ಲೆಕ್ಕದಲ್ಲಿ ಒಂದೇ ನೀರು. ಅವು 2013ರ ಜನವರಿಯಲ್ಲಿ ದಾಖಲೆಯ ಕನಿಷ್ಠ ಮಟ್ಟಕ್ಕೆ ಇಳಿದಿದ್ದವು. 2020ರಲ್ಲಿ ಹಲವು ತಿಂಗಳ ಗರಿಷ್ಠ ಮಟ್ಟದ ದಾಖಲೆಗಳನ್ನು ಮುರಿದವು. ಈ ಎರಡು ಸ್ಥಿತಿಗಳ ನಡುವೆ ಇದ್ದದ್ದು ಕೇವಲ ಏಳು ವರ್ಷ. ನೀರು ಹಿಂದೆ ಸರಿದ ಕಾಲದಲ್ಲಿ ಮನೆ ಕಟ್ಟಿದವರಿಗೆ ಅಂಗಳದಾಚೆಗೆ ಮರಳ ದಂಡೆ ಇತ್ತು. ನೀರು ಮರಳಿ ಬಂದಾಗ ಆ ಮರಳು ಸರೋವರದ್ದೇ ಎಂಬುದು ಗೊತ್ತಾಯಿತು. ಹತ್ತು ವರ್ಷಗಳ ಅನುಭವವನ್ನು ನಂಬಿ ದಡದಲ್ಲಿ ಮನೆ ಕಟ್ಟುವುದು ಸರಿಯಲ್ಲ ಎಂದು ನಾನು ಹೇಳುವುದಕ್ಕೆ ಇದೇ ಕಾರಣ: ಸರೋವರದ ಏರಿಳಿತದ ಒಂದು ಸುತ್ತು ಅದಕ್ಕಿಂತ ಉದ್ದವಾಗಿರಬಹುದು.

ಸರೋವರಕ್ಕೆ ಕೋಡಿ ಇದೆಯೇ ಇಲ್ಲವೇ ಎಂಬುದು ಇಲ್ಲಿ ಬಹಳ ದೊಡ್ಡ ಪ್ರಶ್ನೆ. ಹೊರಹರಿವಿರುವ ಸರೋವರದಲ್ಲಿ ಮಟ್ಟ ಏರಿದಷ್ಟೂ ಕೋಡಿಯಿಂದ ಹೆಚ್ಚು ನೀರು ಹರಿದುಹೋಗುತ್ತದೆ. ಏರಿಕೆಗೆ ತಾನಾಗಿಯೇ ಒಂದು ಕಡಿವಾಣ ಬೀಳುತ್ತದೆ. ಹೊರಹರಿವಿಲ್ಲದ ಸರೋವರಕ್ಕೆ ಆವಿಯಾಗುವುದೊಂದೇ ದಾರಿ. ಹೀಗಾಗಿ ಮಳೆ ಹೆಚ್ಚಿದ ಕೆಲವು ವರ್ಷಗಳು ಒಂದರ ಹಿಂದೊಂದು ಬಂದರೆ ನೀರು ವರ್ಷದಿಂದ ವರ್ಷಕ್ಕೆ ಪೇರಿಕೊಳ್ಳುತ್ತಾ ಹೋಗುತ್ತದೆ. ಅಮೆರಿಕದ ನಾರ್ತ್ ಡಕೋಟಾದ ಡೆವಿಲ್ಸ್ ಲೇಕ್ ಹೀಗೆ 1993ರಿಂದ 2011ರ ನಡುವೆ ಒಂಬತ್ತು ಮೀಟರಿಗೂ ಹೆಚ್ಚು ಏರಿತು. ಮೊದಲು ಸರೋವರದಿಂದ ಹಲವು ಕಿಲೋಮೀಟರ್ ದೂರದಲ್ಲಿದ್ದ ಮಿನ್ನೆವಾಕನ್ ಎಂಬ ಪುಟ್ಟ ಊರಿನ ಅಂಚಿಗೆ ನೀರು ಬಂದು ನಿಂತಿತು. ನೂರಾರು ಮನೆಗಳನ್ನು ಕೆಡವಬೇಕಾಯಿತು ಇಲ್ಲವೇ ಎತ್ತಿ ಬೇರೆಡೆಗೆ ಸಾಗಿಸಬೇಕಾಯಿತು. ನದಿಯ ಪ್ರವಾಹವಾದರೆ ಬಂದು ಇಳಿದುಹೋಗುತ್ತದೆ, ಮನೆ ತೊಳೆದು ಮತ್ತೆ ಬಾಳಬಹುದು. ಇಂಥ ಸರೋವರದ ನೀರು ಒಮ್ಮೆ ಹೊಸ್ತಿಲು ದಾಟಿದರೆ ದಶಕಗಳ ಕಾಲ ಅಲ್ಲೇ ಉಳಿಯಬಹುದು.

ಇನ್ನು ನೆಲ. ಸಾವಿರಾರು ವರ್ಷಗಳಿಂದ ಸರೋವರದ ತಳಕ್ಕೆ ಇಳಿದ ನಯವಾದ ಹೂಳು ಮತ್ತು ಜೇಡಿ, ಜೌಗಿನಲ್ಲಿ ಕೊಳೆತು ಪೇರಿದ ಸಸ್ಯಗಳ ಕಪ್ಪು ಪದರ, ಇವುಗಳ ಮೇಲೆಯೇ ದಂಡೆಯ ಎಷ್ಟೋ ಮನೆಗಳು ನಿಂತಿರುತ್ತವೆ. ಈ ಮಣ್ಣಿನಲ್ಲಿ ನೀರಿನ ಪಾಲು ಹೆಚ್ಚು, ಹಿಡಿತ ಕಡಿಮೆ. ಭಾರ ಬಿದ್ದಂತೆ ಒಳಗಿನ ನೀರು ನಿಧಾನವಾಗಿ ಹೊರಬಂದು ನೆಲ ಕುಸಿಯುತ್ತದೆ, ಅದೂ ಎಲ್ಲ ಕಡೆ ಸಮನಾಗಿ ಅಲ್ಲ. ಇಂಥ ಮನೆಯೊಂದರ ಹೊರಗೋಡೆಯನ್ನು ಹತ್ತಿರದಿಂದ ನೋಡಬೇಕು. ಕಿಟಕಿಯ ಮೂಲೆಯಿಂದ ಹೊರಟ ಬಿರುಕು ಇಟ್ಟಿಗೆಗಳ ಸಂದಿನಲ್ಲೇ ಮೆಟ್ಟಿಲು ಮೆಟ್ಟಿಲಾಗಿ ಇಳಿದು, ತಳಪಾಯದ ಹತ್ತಿರ ಬರುವಾಗ ಬೆರಳ ತುದಿ ಹೋಗುವಷ್ಟು ಅಗಲವಾಗಿರುತ್ತದೆ. ಆ ಗೋಡೆಯ ಬಾಗಿಲು ಮೇಲಿನ ಒಂದು ಮೂಲೆಯಲ್ಲಿ ಚೌಕಟ್ಟಿಗೆ ತಾಗಿ ಉಜ್ಜುತ್ತದೆ, ಕೆಳಗಿನ ಎದುರು ಮೂಲೆಯಲ್ಲಿ ಬೆಳಕು ನುಸುಳುತ್ತದೆ. ಮನೆಯ ಒಂದು ಬದಿ ಇನ್ನೊಂದಕ್ಕಿಂತ ಹೆಚ್ಚು ಇಳಿದಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಿಲ್ಲ. ಬಿರುಕಿಗೆ ಗಾರೆ ತುಂಬಿ ಬಣ್ಣ ಹೊಡೆದರೆ ಒಂದು ಮಳೆಗಾಲದ ಮಟ್ಟಿಗೆ ಅದು ಮರೆಯಾಗುತ್ತದೆ, ಅಷ್ಟೇ.

ನೆಲ ಕೈಕೊಟ್ಟರೆ ಏನಾಗುತ್ತದೆ ಎಂಬುದನ್ನು ಸ್ವಿಟ್ಜರ್ಲೆಂಡಿನ ಟ್ಸೂಗ್ ಪಟ್ಟಣ 1887ರ ಜುಲೈ 5ರಂದು ಕಂಡಿತು. ದಡದಲ್ಲಿ ಗೋಡೆ ಕಟ್ಟುವ ಕಾಮಗಾರಿ ನಡೆದಿದ್ದ ಕಾಲ ಅದು. ಅಡಿಯಲ್ಲಿದ್ದ ಹೂಳು ಮತ್ತು ನಯವಾದ ಮರಳು ಸರೋವರದತ್ತ ಜಾರಿ, ಸುಮಾರು 35 ಕಟ್ಟಡಗಳು ನೀರುಪಾಲಾದವು, 11 ಜನ ಸತ್ತರು. ಇದೇ ಊರಿನಲ್ಲಿ 1435ರಲ್ಲೂ ದಡದ ಬೀದಿಯೊಂದು ಹೀಗೆಯೇ ಸರೋವರಕ್ಕೆ ಕುಸಿದಿತ್ತು. ನಾಲ್ಕೂವರೆ ಶತಮಾನಗಳಲ್ಲಿ ಜನರ ನೆನಪು ಅಳಿಸಿಹೋಗುತ್ತದೆ. ಮಣ್ಣಿನ ಗುಣ ಬದಲಾಗುವುದಿಲ್ಲ. ಈಗ ಇಂಥ ದಡಗಳಲ್ಲಿ ಕಟ್ಟುವ ಮುನ್ನ ಕೊಳವೆ ಇಳಿಸಿ ಮಣ್ಣಿನ ಪದರಗಳ ಮಾದರಿ ತೆಗೆಯುತ್ತಾರೆ, ಗಟ್ಟಿ ಪದರ ಸಿಗುವವರೆಗೆ ಕಂಬಗಳನ್ನು ಇಳಿಸುತ್ತಾರೆ. ಆದ್ದರಿಂದಲೇ ದಡದ ಮನೆಯ ಖರ್ಚಿನ ದೊಡ್ಡ ಪಾಲು ಕಣ್ಣಿಗೆ ಬೀಳದ ಜಾಗದಲ್ಲಿ ಹೂತುಹೋಗಿರುತ್ತದೆ.

ಮೇಲ್ಮೈಯ ನೀರಿಗಿಂತಲೂ ಹೆಚ್ಚು ಮನೆಗಳನ್ನು ತಟ್ಟುವುದು ನೆಲದೊಳಗಿನ ನೀರು. ಸರೋವರದ ಮಟ್ಟ ಏರಿದರೆ ದಂಡೆಯ ಅಂತರ್ಜಲವೂ ಅದರ ಬೆನ್ನಿಗೇ ಏರುತ್ತದೆ. ಇಟ್ಟಿಗೆ ಮತ್ತು ಗಾರೆಯ ಸಣ್ಣ ರಂಧ್ರಗಳ ಮೂಲಕ ತೇವ ಗೋಡೆಯನ್ನು ಹತ್ತಿ, ಸೊಂಟದ ಎತ್ತರದಲ್ಲೆಲ್ಲೋ ಬಿಳಿಯ ಉಪ್ಪಿನ ಅಂಚನ್ನು ಬಿಟ್ಟು ನಿಲ್ಲುತ್ತದೆ. ಇದು ಕಾಣುವ ತೊಂದರೆ. ಕಾಣದ ತೊಂದರೆ ಶೌಚಗುಂಡಿಯದು. ಒಳಚರಂಡಿ ಇಲ್ಲದ ಬಡಾವಣೆಯಲ್ಲಿ ಪ್ರತಿ ಮನೆಯ ಕೊಳಚೆ ನೀರು ಸೆಪ್ಟಿಕ್ ಟ್ಯಾಂಕಿನಿಂದ ಹೊರಬಿದ್ದು ಇಂಗುಕಾಲುವೆಯ ಮೂಲಕ ಮಣ್ಣಿಗೆ ಇಳಿಯುತ್ತದೆ. ಅಲ್ಲಿ ಅದನ್ನು ಶುದ್ಧಗೊಳಿಸುವುದು ಗಾಳಿಯಾಡುವ ಒಣಮಣ್ಣಿನ ಪದರ. ರೋಗಾಣುಗಳು ಸಾಯುವುದೂ ಪಾಚಿಗೆ ಗೊಬ್ಬರವಾಗುವ ರಂಜಕ (ಫಾಸ್ಫರಸ್) ಮಣ್ಣಿನ ಕಣಗಳಿಗೆ ಅಂಟಿಕೊಳ್ಳುವುದೂ ಅಲ್ಲಿಯೇ. ಅಂತರ್ಜಲ ಮೇಲೇರಿ ಆ ಪದರವನ್ನು ನೆನೆಸಿಬಿಟ್ಟರೆ ಕೊಳಚೆ ನೇರವಾಗಿ ನೀರಿಗೆ ಸೇರುತ್ತದೆ, ಅಲ್ಲಿಂದ ಸರೋವರಕ್ಕೆ. ಎಲ್ಲವೂ ನೆಲದಡಿಯಲ್ಲೇ ನಡೆಯುವುದರಿಂದ ಮನೆಯವರಿಗೆ ಇದು ತಿಳಿಯುವುದೇ ಇಲ್ಲ. ಸೆಪ್ಟಿಕ್ ಟ್ಯಾಂಕ್ ಎಷ್ಟೇ ಚೆನ್ನಾಗಿದ್ದರೂ ಅದರ ಕೆಳಗೆ ಒಣಮಣ್ಣು ಇಲ್ಲದಿದ್ದರೆ ಆ ವ್ಯವಸ್ಥೆ ಹೆಸರಿಗೆ ಮಾತ್ರ ಇದ್ದಂತೆ.

ಹಾಗಾದರೆ ಊರು ಇಂಥ ಜಾಗದಲ್ಲಿ ಬೆಳೆದದ್ದಾದರೂ ಹೇಗೆ? ಬೆಟ್ಟಗಳ ನಡುವಿನ ಸರೋವರಗಳಲ್ಲಿ ಸಮತಟ್ಟಾದ ನೆಲ ಸಿಗುವುದು ಸಾಮಾನ್ಯವಾಗಿ ತೊರೆಯೊಂದು ಸರೋವರವನ್ನು ಸೇರುವಲ್ಲಿ. ತೊರೆ ಹೊತ್ತು ತಂದ ಕಲ್ಲುಮಣ್ಣು ಬೀಸಣಿಗೆಯಂತೆ ಹರಡಿ ಊರಿಗೆ ಜಾಗ ಮಾಡಿಕೊಡುತ್ತದೆ. ಊರನ್ನು ಹೊತ್ತಿರುವ ಆ ನೆಲವೇ ಹಿಂದೆ ಬಂದ ಪ್ರವಾಹಗಳ ಗುರುತು ಎಂಬುದನ್ನು ಮರೆಯಬಾರದು. ಹಳೆಯ ಕೇರಿಯ ಮನೆಗಳನ್ನು ಗಮನಿಸಿದರೆ ಇನ್ನೊಂದು ವಿಷಯ ಹೊಳೆಯುತ್ತದೆ. ಅವುಗಳ ಮುಂಬಾಗಿಲು ಬೀದಿಯ ಕಡೆಗಿದ್ದು, ಸರೋವರ ಹಿತ್ತಲಿಗೆ ಬೀಳುತ್ತದೆ. ಏಕೆಂದರೆ ಆಗಿನವರಿಗೆ ದಂಡೆ ಕೆಲಸದ ಜಾಗವಾಗಿತ್ತು: ಬಲೆ ಒಣಗಿಸುವುದು, ದೋಣಿ ಎಳೆದುಕಟ್ಟುವುದು, ಬಟ್ಟೆ ಒಗೆಯುವುದು, ಚರ್ಮ ಹದಮಾಡುವುದು, ಮರದ ದಿಮ್ಮಿ ಇಳಿಸುವುದು ಎಲ್ಲವೂ ಅಲ್ಲಿಯೇ. ನೀರಿನ ನೋಟಕ್ಕೆ ಬೆಲೆ ಬಂದದ್ದು ಬಹುಮಟ್ಟಿಗೆ ಹತ್ತೊಂಬತ್ತನೆಯ ಶತಮಾನದಲ್ಲಿ, ರೈಲು ಮತ್ತು ಉಗಿದೋಣಿಗಳು ವಿಹಾರಕ್ಕೆ ಬರುವವರನ್ನು ದಂಡೆಗೆ ತಂದು ಇಳಿಸಿದ ಮೇಲೆ. ಆಗ ಕಟ್ಟಿದ ಮನೆಗಳಲ್ಲಿ ಜಗುಲಿ ಮತ್ತು ದೊಡ್ಡ ಕಿಟಕಿಗಳು ನೀರಿನತ್ತ ಮುಖ ಮಾಡಿದವು. ಒಂದು ಮನೆ ಯಾವ ಕಡೆಗೆ ಮುಖ ಮಾಡಿದೆ ಎಂಬುದರಿಂದಲೇ ಅದು ಯಾವ ಕಾಲದ್ದೆಂದು ಹಲವೆಡೆ ಊಹಿಸಬಹುದು.

ಜಾಗದ ಕೊರತೆ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಆಸ್ಟ್ರಿಯದ ಹಾಲ್‌ಸ್ಟಾಟ್ ಸಾಕು. ಒಂದು ಕಡೆ ಕಡಿದಾದ ಬೆಟ್ಟ, ಇನ್ನೊಂದು ಕಡೆ ಆಳವಾದ ನೀರು, ನಡುವೆ ಒಂದರ ಹೆಗಲ ಮೇಲೆ ಇನ್ನೊಂದು ಕುಳಿತಂತಿರುವ ಮನೆಗಳು. ಸಾವಿರಕ್ಕೂ ಕಡಿಮೆ ಜನ. ಅಲ್ಲಿ ಹೂಳುವುದಕ್ಕೂ ಜಾಗ ಸಾಲುತ್ತಿರಲಿಲ್ಲ. ಕೆಲವು ವರ್ಷಗಳ ನಂತರ ಹಳೆಯ ಗೋರಿಯನ್ನು ತೆರೆದು ಎಲುಬುಗಳನ್ನು ಒಂದು ಪುಟ್ಟ ಮನೆಗೆ ಸಾಗಿಸಿ, ಆ ಜಾಗವನ್ನು ಹೊಸಬರಿಗೆ ಬಿಡುತ್ತಿದ್ದರು. ಆ ಎಲುಬುಮನೆಯಲ್ಲಿ ಈಗಲೂ 1,200ಕ್ಕೂ ಹೆಚ್ಚು ತಲೆಬುರುಡೆಗಳಿವೆ. ಸುಮಾರು ಅರ್ಧದಷ್ಟರ ಮೇಲೆ ಹೂವು ಎಲೆಗಳ ಚಿತ್ತಾರ ಬಿಡಿಸಲಾಗಿದೆ. 1997ರಲ್ಲಿ ಈ ಪ್ರದೇಶ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಜನರ ಸಂಖ್ಯೆಗಿಂತ ಎಷ್ಟೋ ಪಟ್ಟು ಹೆಚ್ಚು ಪ್ರವಾಸಿಗರು ದಿನವೂ ಬಂದುಹೋಗುವ ಊರಿನಲ್ಲಿ ಮನೆ ಎಂಬುದು ವಾಸಕ್ಕೋ ನೋಟಕ್ಕೋ ಎಂಬ ಪ್ರಶ್ನೆ ಅಲ್ಲಿ ಪ್ರತಿದಿನದ್ದು.

ದಂಡೆಯ ಊರುಗಳ ಈಗಿನ ಬಿಕ್ಕಟ್ಟು ಇದೇ ಪ್ರಶ್ನೆಯಿಂದ ಹುಟ್ಟುತ್ತದೆ. ನೀರಿಗೆ ತಾಗಿದ ಮೊದಲ ಸಾಲಿನ ನಿವೇಶನಗಳ ಸಂಖ್ಯೆಯನ್ನು ಹೆಚ್ಚಿಸಲು ಯಾರಿಂದಲೂ ಆಗದು. ಬೇಡಿಕೆಯೋ ಇಡೀ ದೇಶದ ಹಣವಂತರಿಂದ ಬರುತ್ತದೆ. ಊರಿನಲ್ಲೇ ದುಡಿದು ಊರಿನಲ್ಲೇ ಬದುಕುವವರ ಸಂಪಾದನೆ ಅದಕ್ಕೆ ಸಾಟಿಯಾಗದು. ಹೀಗೆ ಮೊದಲ ಸಾಲು ರಜೆಯ ಮನೆಗಳ ಪಾಲಾಗುತ್ತದೆ, ನಂತರ ನೀರು ಕಾಣುವ ಎರಡನೆಯ ಸಾಲು, ಆಮೇಲೆ ನಡೆದು ಹೋಗುವಷ್ಟು ಹತ್ತಿರದ ಬೀದಿಗಳು. ವರ್ಷದಲ್ಲಿ ಕೆಲವೇ ವಾರ ಬಳಕೆಯಾಗುವ ಈ ಮನೆಗಳ ಹಾಸಿಗೆಗಳನ್ನು ಸ್ವಿಟ್ಜರ್ಲೆಂಡಿನಲ್ಲಿ ‘ತಣ್ಣನೆಯ ಹಾಸಿಗೆಗಳು’ ಎಂದು ಕರೆಯುತ್ತಾರೆ. ಅವುಗಳಿಂದ ಆಗುವ ನಷ್ಟ ಬೆಲೆಯೇರಿಕೆಯಷ್ಟೇ ಅಲ್ಲ. ಕುಡಿಯುವ ನೀರಿನ ಕೊಳವೆ, ಕೊಳಚೆ ಶುದ್ಧೀಕರಣ ಘಟಕ, ವಿದ್ಯುತ್ ಎಲ್ಲವನ್ನೂ ಹೆಚ್ಚು ಜನ ಸೇರುವ ಆ ಕೆಲವು ವಾರಗಳ ಅಳತೆಗೆ ಕಟ್ಟಬೇಕು, ಉಳಿದ ತಿಂಗಳುಗಳಲ್ಲಿ ಅದನ್ನು ನಿರ್ವಹಿಸುವ ಹೊರೆ ಖಾಯಂ ನಿವಾಸಿಗಳ ಮೇಲೆ ಬೀಳುತ್ತದೆ. ಶಾಲೆಗೆ ಮಕ್ಕಳು ಸಾಲುವುದಿಲ್ಲ, ಅಂಗಡಿಗೆ ಗಿರಾಕಿಗಳು ಸಾಲುವುದಿಲ್ಲ.

ಇದಕ್ಕೆ ಕಾನೂನಿನ ಮದ್ದು ಹುಡುಕಿದ ದೇಶ ಸ್ವಿಟ್ಜರ್ಲೆಂಡ್. 2012ರ ಮಾರ್ಚ್ 11ರಂದು ನಡೆದ ಜನಮತಗಣನೆಯಲ್ಲಿ ತೀರಾ ಅಲ್ಪ ಬಹುಮತದಿಂದ, ಯಾವುದೇ ಊರಿನ ಒಟ್ಟು ವಸತಿಯಲ್ಲಿ ಎರಡನೆಯ ಮನೆಗಳ ಪಾಲು ಶೇ 20ನ್ನು ಮೀರಬಾರದೆಂದು ಜನರೇ ತೀರ್ಮಾನಿಸಿದರು. ಅದರ ವಿವರವಾದ ಕಾಯಿದೆ 2016ರ ಜನವರಿ 1ರಿಂದ ಜಾರಿಗೆ ಬಂತು. ನಿಯಮ ಒಳ್ಳೆಯದೇ, ಆದರೆ ಅದು ಹೊಸ ರಜಾಮನೆಗಳನ್ನಷ್ಟೇ ತಡೆಯುತ್ತದೆ. ಆಗಲೇ ಇರುವ ಹಳೆಯ ಮನೆಗಳತ್ತ ಬೇಡಿಕೆ ತಿರುಗುವ ಅಪಾಯ ಉಳಿದೇ ಇರುತ್ತದೆ. ಬಾಡಿಗೆಗೆ ಕೊಡುವ ಖಾಯಂ ಮನೆಗಳನ್ನು ಊರೇ ಕಟ್ಟಿ ತನ್ನ ಬಳಿ ಉಳಿಸಿಕೊಳ್ಳದೆ ಕೇವಲ ನಿಷೇಧದಿಂದ ಈ ಸಮಸ್ಯೆ ಬಗೆಹರಿಯದು ಎಂಬುದು ನನ್ನ ಅಭಿಪ್ರಾಯ.

ದಂಡೆಯಿಂದ ಹೊರದಬ್ಬಿಸಿಕೊಂಡವರು ಎಲ್ಲಿಗೆ ಹೋಗುತ್ತಾರೆ? ಇಳಿಜಾರಿನ ಮೇಲಕ್ಕೆ. ಅಲ್ಲಿ ಅನುಕೂಲಗಳೂ ಇಲ್ಲದಿಲ್ಲ: ರಾತ್ರಿ ತಣ್ಣನೆಯ ಗಾಳಿ ಭಾರವಾಗಿ ತಗ್ಗಿಗೆ ಇಳಿಯುವುದರಿಂದ ನಡು ಇಳಿಜಾರಿನ ಮನೆಗಳಿಗೆ ಮಂಜೂ ಚಳಿಯೂ ಕಡಿಮೆ. ಆದರೆ ಸರೋವರದ ಕಥೆ ತಿರುವು ಪಡೆಯುವುದು ಇಲ್ಲಿಯೇ. ಮೇಲೆ ಹೊಸ ಬಡಾವಣೆಗಾಗಿ ಮರ ಕಡಿದು, ಮಣ್ಣು ಅಗೆದು, ರಸ್ತೆಗೆ ಡಾಂಬರು ಹಾಕಿ, ಅಂಗಳಕ್ಕೆ ಕಾಂಕ್ರೀಟು ಸುರಿದರೆ, ಮೊದಲು ನೆಲಕ್ಕೆ ಇಂಗುತ್ತಿದ್ದ ಮಳೆ ಈಗ ಚರಂಡಿ ಹಿಡಿದು ನೇರವಾಗಿ ಕೆಳಗೆ ಓಡುತ್ತದೆ, ಜೊತೆಗೆ ಮಣ್ಣು, ಗೊಬ್ಬರ, ಕೊಳಚೆಗಳನ್ನೂ ಒಯ್ಯುತ್ತದೆ. ಸರೋವರ ಹಸಿರುಗಟ್ಟಲು ಮುಖ್ಯ ಕಾರಣ ರಂಜಕವೆಂದು ಕೆನಡಾದ ವಿಜ್ಞಾನಿಗಳು 1973ರಲ್ಲಿ ಕಣ್ಣಿಗೆ ಕಟ್ಟುವಂತೆ ತೋರಿಸಿಕೊಟ್ಟರು. ವಾಯವ್ಯ ಆಂಟೇರಿಯೊದ ‘ಲೇಕ್ 226’ ಎಂಬ ಪುಟ್ಟ ಸರೋವರವನ್ನು ನಡುವಿನ ಇಕ್ಕಟ್ಟಿನಲ್ಲಿ ಪರದೆ ಕಟ್ಟಿ ಎರಡು ಭಾಗ ಮಾಡಿದರು. ಎರಡಕ್ಕೂ ಇಂಗಾಲ ಮತ್ತು ಸಾರಜನಕ ಹಾಕಿದರು, ಒಂದಕ್ಕೆ ಮಾತ್ರ ರಂಜಕವನ್ನೂ ಸೇರಿಸಿದರು. ರಂಜಕ ಬಿದ್ದ ಭಾಗ ಪಾಚಿಯಿಂದ ಹಸಿರಾಯಿತು, ಇನ್ನೊಂದು ಭಾಗ ತಿಳಿಯಾಗಿಯೇ ಉಳಿಯಿತು. ನೀರಿನಿಂದ ಎಷ್ಟೋ ದೂರದಲ್ಲಿ, ನೀರೇ ಕಾಣದ ಬೀದಿಯಲ್ಲಿ ವಾಸಿಸುವವರೂ ಸರೋವರದ ನೆರೆಯವರೇ. ದಂಡೆಯ ಮನೆಗೆ ಬೆಲೆ ತಂದದ್ದು ತಿಳಿನೀರು. ಆ ಬೆಲೆಯೇ ಜನರನ್ನು ಮೇಲಕ್ಕೆ ತಳ್ಳಿ, ಮೇಲಿನ ಅಗೆತ ತಿಳಿನೀರನ್ನು ಕದಡುತ್ತದೆ.

ಈ ಸುಳಿಯನ್ನು ಅತ್ಯಂತ ಸ್ಪಷ್ಟವಾಗಿ ಅಳೆದಿರುವುದು ಅಮೆರಿಕದ ಟಾಹೋ ಸರೋವರದಲ್ಲಿ. ಅಳೆಯುವ ಸಾಧನ ಬಹಳ ಸರಳ: ಊಟದ ತಟ್ಟೆಯಷ್ಟು ಅಗಲದ ಒಂದು ಬಿಲ್ಲೆಯನ್ನು ಹಗ್ಗಕ್ಕೆ ಕಟ್ಟಿ ದೋಣಿಯಿಂದ ಇಳಿಸುತ್ತಾರೆ. ಬಿಲ್ಲೆ ಮೊದಲು ಬೆಳ್ಳಗೆ, ಆಮೇಲೆ ನೀಲಿಯಾಗಿ, ಕೊನೆಗೆ ಒಂದು ಮಸುಕು ಚುಕ್ಕೆಯಾಗಿ, ಇನ್ನೊಂದು ಗೇಣು ಹಗ್ಗ ಬಿಟ್ಟರೆ ಇಲ್ಲವಾಗುತ್ತದೆ. ಅದು ಕಣ್ಮರೆಯಾದ ಆಳವೇ ತಿಳಿತನದ ಅಳತೆ. ಇದರ ಹೆಸರು ಸೆಕ್ಕಿ ಬಿಲ್ಲೆ. 1968ರಲ್ಲಿ ಟಾಹೋದ ವಾರ್ಷಿಕ ಸರಾಸರಿ ಸುಮಾರು 31 ಮೀಟರ್ ಇತ್ತು. ಈಚಿನ ವರ್ಷಗಳಲ್ಲಿ 20 ಮೀಟರ್ ಆಸುಪಾಸಿನಲ್ಲಿದೆ. ದಕ್ಷಿಣ ದಂಡೆಯಲ್ಲಿ ತೊರೆಯೊಂದು ಸರೋವರವನ್ನು ಸೇರುವ ಕಡೆ ವಿಶಾಲವಾದ ಜೌಗು ಇತ್ತು, ಮೇಲಿನಿಂದ ಬರುವ ಹೂಳನ್ನು ಅದೇ ಸೋಸುತ್ತಿತ್ತು. 1960ರ ದಶಕದಲ್ಲಿ ಆ ಜೌಗನ್ನು ಅಗೆದು ಕಾಲುವೆಗಳನ್ನು ತೋಡಿ ಟಾಹೋ ಕೀಸ್ ಎಂಬ ಬಡಾವಣೆ ಕಟ್ಟಿದರು. ಪ್ರತಿ ಮನೆಯ ಹಿತ್ತಲಿಗೂ ದೋಣಿ ಬರುವಂಥ ವಿನ್ಯಾಸ. ಸೋಸುವ ಜೌಗು ಹೋಯಿತು, ನಿಂತ ಕಾಲುವೆಗಳಲ್ಲಿ ಹೊರಗಿನಿಂದ ಬಂದ ಜಲಕಳೆ ತುಂಬಿತು, ಅದನ್ನು ತೆಗೆಯುವ ಕೆಲಸ ಇಂದಿಗೂ ಮುಗಿದಿಲ್ಲ. ಜೌಗನ್ನು ‘ಖಾಲಿ ಜಾಗ’ ಎಂದು ಎಣಿಸಿದ ತಪ್ಪಿಗೆ ಇದಕ್ಕಿಂತ ದುಬಾರಿ ಉದಾಹರಣೆ ನನಗೆ ಗೊತ್ತಿಲ್ಲ. ಮುಂದೆ ಅಲ್ಲಿ ಎರಡು ರಾಜ್ಯಗಳು ಸೇರಿ 1969ರ ಒಪ್ಪಂದದಂತೆ ಸ್ಥಾಪಿಸಿದ ಪ್ರಾಧಿಕಾರದ ನಿಯಮಗಳು ಬಂದವು. ಮಣ್ಣು ಮತ್ತು ಇಳಿಜಾರಿನ ಗುಣ ನೋಡಿ, ನಿವೇಶನದ ಶೇ 1ರಿಂದ ಶೇ 30ರಷ್ಟನ್ನು ಮಾತ್ರ ಚಾವಣಿ ಮತ್ತು ಕಾಂಕ್ರೀಟಿನಿಂದ ಮುಚ್ಚಬಹುದೆಂಬ ಮಿತಿ ಹುಟ್ಟಿಕೊಂಡಿತು.

ಕೆಟ್ಟ ಸರೋವರ ಸುಧಾರಿಸಬಲ್ಲದು. ಸಿಯಾಟಲ್ ಬಳಿಯ ವಾಷಿಂಗ್ಟನ್ ಸರೋವರದಲ್ಲಿ ಬಿಲ್ಲೆ ಸುಮಾರು ಒಂದು ಮೀಟರಿನಲ್ಲೇ ಕಣ್ಮರೆಯಾಗುವ ಸ್ಥಿತಿ ಬಂದಿತ್ತು. 1963ರಿಂದ 1968ರ ನಡುವೆ ಕೊಳಚೆಯನ್ನು ಬೇರೆಡೆಗೆ ತಿರುಗಿಸಿದ ಮೇಲೆ ಕೆಲವೇ ವರ್ಷಗಳಲ್ಲಿ ನೀರು ತಿಳಿಯಾಯಿತು. ಫ್ರಾನ್ಸಿನ ಆನ್ಸಿ ಸರೋವರದ ಸುತ್ತಲಿನ ಊರುಗಳು 1957ರಲ್ಲಿ ಒಂದು ಒಕ್ಕೂಟ ಕಟ್ಟಿಕೊಂಡು, ಇಡೀ ಸರೋವರದ ಸುತ್ತ ಕೊಳಚೆ ಕೊಳವೆ ಹಾಕಿ, ಎಲ್ಲ ಊರುಗಳ ಕೊಳಚೆಯನ್ನು ಒಂದೆಡೆ ಶುದ್ಧಗೊಳಿಸಿ ಸರೋವರಕ್ಕೆ ಬಿಡದೆ ಹೊರಗೆ ಹರಿಸಿದವು. ಊರಿನ ಗಡಿಯೂ ನೀರು ಹರಿದುಬರುವ ಪ್ರದೇಶದ ಗಡಿಯೂ ಬೇರೆ ಬೇರೆಯಾಗಿರುವವರೆಗೆ ಒಂದೂರು ಮಾತ್ರ ಶಿಸ್ತಾಗಿದ್ದು ಪ್ರಯೋಜನವಿಲ್ಲ ಎಂಬುದು ಅವರಿಗೆ ಬೇಗ ಅರ್ಥವಾಗಿತ್ತು. ಎಲ್ಲ ಸರೋವರಗಳೂ ಇಷ್ಟು ಬೇಗ ಚೇತರಿಸಿಕೊಳ್ಳುವುದಿಲ್ಲ. ಆಳ ಕಡಿಮೆಯಿರುವ ಕಡೆ ತಳದ ಹೂಳಿನಲ್ಲಿ ಹಿಂದೆ ಸೇರಿದ ರಂಜಕ, ಆಮ್ಲಜನಕ ಕುಂದಿದಾಗಲೆಲ್ಲ ಮತ್ತೆ ನೀರಿಗೆ ಬಿಡುಗಡೆಯಾಗುತ್ತಾ ದಶಕಗಳವರೆಗೆ ಕಾಡುತ್ತದೆ.

ದಡದಲ್ಲಿ ಕಟ್ಟಡಕ್ಕೆ ಅಂತರ ಬಿಡಬೇಕೆಂಬ ನಿಯಮಗಳನ್ನು ಈ ಹಿನ್ನೆಲೆಯಲ್ಲಿ ಓದಬೇಕು. ಸ್ವೀಡನ್ 1975ರಿಂದ ದೇಶದಾದ್ಯಂತ ದಡದಿಂದ 100 ಮೀಟರ್ ಒಳಗೆ ಸಾಮಾನ್ಯವಾಗಿ ಕಟ್ಟಡವನ್ನು ನಿಷೇಧಿಸಿದೆ, ಕೆಲವೆಡೆ ಇದು 300 ಮೀಟರ್‌ವರೆಗೂ ಇದೆ. ಜರ್ಮನಿಯ ಬವೇರಿಯ ರಾಜ್ಯದ ಸಂವಿಧಾನವಂತೂ ಸರೋವರಗಳಿಗೆ ಹೋಗುವ ದಾರಿಯನ್ನು ಎಲ್ಲರಿಗೂ ತೆರೆದಿಡುವುದು ಸರ್ಕಾರದ ಮತ್ತು ಸ್ಥಳೀಯ ಆಡಳಿತದ ಕರ್ತವ್ಯವೆಂದು ಹೇಳುತ್ತದೆ. ಆ ಅಂತರದಲ್ಲಿ ಹುಲ್ಲು, ಜೊಂಡು, ಮರಗಳಿದ್ದರೆ ಮೇಲಿನಿಂದ ಹರಿದುಬಂದ ನೀರು ನಿಧಾನವಾಗಿ ಹೂಳು ಬಿಡುತ್ತದೆ, ಅಲೆಯ ಹೊಡೆತವೂ ತಗ್ಗುತ್ತದೆ. ಅದರ ಬದಲು ಒಬ್ಬರು ತಮ್ಮ ಅಂಗಳ ಉಳಿಸಿಕೊಳ್ಳಲು ನೇರವಾದ ಕಾಂಕ್ರೀಟ್ ಗೋಡೆ ಕಟ್ಟಿದರೆ, ಅಲೆ ಅದಕ್ಕೆ ಬಡಿದು ತನ್ನ ಬಲದೊಂದಿಗೇ ಹಿಂದಿರುಗಿ ಗೋಡೆಯ ಬುಡವನ್ನೂ ಪಕ್ಕದವರ ದಡವನ್ನೂ ಕೊರೆಯುತ್ತದೆ. ಆಗ ಪಕ್ಕದವರೂ ಗೋಡೆ ಕಟ್ಟಲೇಬೇಕಾಗುತ್ತದೆ, ಹೀಗೆಯೇ ಸಾಲು ಮುಂದುವರಿಯುತ್ತದೆ.

ಇಂಥ ಊರಿನಲ್ಲಿ ಮನೆ ನೋಡಲು ಹೋಗುವವರು ನೋಟ ಚೆಂದವಾಗಿರುವ ಕಾಲದಲ್ಲಿ ಹೋಗುತ್ತಾರೆ. ಮಳೆ ಹಿಡಿದ ದಿನ ಹೋಗುವುದು ಹೆಚ್ಚು ಉಪಯುಕ್ತ. ಹಳೆಯ ಗೋಡೆಗಳ ಮೇಲೆ ನೀರು ಬಂದು ನಿಂತಿದ್ದ ಗುರುತು ಇದೆಯೇ ನೋಡಬೇಕು, ಗಾಳಿ ಯಾವ ದಿಕ್ಕಿನಿಂದ ಬೀಸುತ್ತದೆಂದು ಕೇಳಬೇಕು. ಗಾಳಿ ತಳ್ಳುವ ದಡಕ್ಕೇ ದೊಡ್ಡ ಅಲೆಯೂ ಕೊಳೆತ ಪಾಚಿಯ ವಾಸನೆಯೂ ಬರುತ್ತವೆ. ಕತ್ತಲಾದ ಮೇಲೆ ಎಷ್ಟು ಕಿಟಕಿಗಳಲ್ಲಿ ಬೆಳಕಿದೆ ಎಂದು ಎಣಿಸಬಹುದು. ಕೊನೆಗೆ ಮನೆಯ ಮುಂದಿನ ಚರಂಡಿಯ ಜೊತೆಗೇ ನಡೆಯುತ್ತಾ ಅದು ಸರೋವರವನ್ನು ಸೇರುವ ಬಾಯಿಯವರೆಗೆ ಇಳಿದುಹೋಗಬೇಕು. ಅಲ್ಲಿ ನೀರಿನಲ್ಲಿ ಹರಡಿಕೊಳ್ಳುತ್ತಿರುವ ಕೆಸರಿನ ಬಣ್ಣ ಮೇಲಿನ ಯಾವ ಮಣ್ಣಿಗೆ ಹೋಲುತ್ತದೆ ಎಂದು ನೋಡಿದರೆ, ಈ ವರ್ಷ ಗುಡ್ಡದ ಯಾವ ಮಗ್ಗುಲನ್ನು ಅಗೆಯುತ್ತಿದ್ದಾರೆ ಎಂಬುದು ಅಲ್ಲಿ ನಿಂತೇ ತಿಳಿಯುತ್ತದೆ.